ಸೀಲಿಯಾಕ್ ನರಹಾನಿ

ಸೀಲಿಯಾಕ್ ನರಹಾನಿ ಎಂದರೆ ಸೀಲಿಯಾಕ್ ರೋಗವಿರುವವರಲ್ಲಿ ಆ ರೋಗದ ಭಾಗವಾಗಿ ನರಗಳಿಗೆ ಉಂಟಾಗುವ ಹಾನಿ. ಗೋಧಿ, ಜವೆಗೋಧಿ (ಬಾರ್ಲಿ) ಹಾಗೂ ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಈ ರೋಗಕ್ಕೆ ಮೂಲ. ಸೀಲಿಯಾಕ್ ರೋಗವನ್ನು ಸಾಮಾನ್ಯವಾಗಿ ಸಣ್ಣಕರುಳಿನ ಕಾಯಿಲೆಯೆಂದು ಪರಿಗಣಿಸಲಾಗುತ್ತದೆಯಾದರೂ ಅದು ಇಡೀ ದೇಹವನ್ನು ತಟ್ಟಬಲ್ಲದು. ಕೈಕಾಲುಗಳ ಜೋಮು, ಅಂಗಾಲಿನ ಉರಿ, ನಡಿಗೆಯ ತೂಕಡಿಕೆ ಮುಂತಾದ ನರಸಂಬಂಧಿ ತೊಂದರೆಗಳು ಕೆಲವರಲ್ಲಿ ಹೊಟ್ಟೆಯ ಯಾವ ತೊಂದರೆಯೂ ಇಲ್ಲದೆ ಮೊದಲಿಗೆ ಕಾಣಿಸಿಕೊಳ್ಳುತ್ತವೆ. ಜೀವನಪರ್ಯಂತ ಗ್ಲುಟೆನ್‌ರಹಿತ ಆಹಾರವನ್ನು ಸೇವಿಸುವುದೇ ಇದರ ಮುಖ್ಯ ಚಿಕಿತ್ಸೆ. ರೋಗವನ್ನು ಬೇಗ ಗುರುತಿಸಿದರೆ ಹಾನಿಯನ್ನು ತಡೆಯಬಹುದು, ಎಷ್ಟೋ ವೇಳೆ ತಗ್ಗಿಸಲೂಬಹುದು. ತಡವಾದರೆ ಕೆಲವು ಹಾನಿಗಳು ಶಾಶ್ವತವಾಗಿ ಉಳಿಯುತ್ತವೆ.

ರಾಗಿ ಮತ್ತು ಅಕ್ಕಿಯನ್ನು ಪ್ರಧಾನ ಆಹಾರವಾಗಿ ಉಳ್ಳ ದಕ್ಷಿಣ ಕರ್ನಾಟಕದಲ್ಲಿ ಈ ರೋಗ ವಿರಳ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಇಂಥ ಆಹಾರಪದ್ಧತಿಯ ಪ್ರದೇಶಗಳು. ವಿರಳವಾದ ಕಾರಣದಿಂದಲೇ ಇಲ್ಲಿ ಇದು ಗಮನಕ್ಕೆ ಬಾರದೆ ಹೋಗುವ ಸಂಭವ ಹೆಚ್ಚು. ಆದರೆ ಇದರ ಚಿಕಿತ್ಸೆಗೆ ಬೇಕಾದ ಆಹಾರ ಈ ಸೀಮೆಯ ಹೊಲಗಳಲ್ಲಿಯೇ ಬೆಳೆಯುತ್ತದೆ.

ಸೀಲಿಯಾಕ್ ರೋಗ

ದೇಹದ ರಕ್ಷಣಾ ವ್ಯವಸ್ಥೆ ಹೊರಗಿನ ರೋಗಾಣುಗಳ ಬದಲು ಸ್ವಂತ ಅಂಗಾಂಶಗಳ ಮೇಲೆಯೇ ದಾಳಿ ಮಾಡುವ ಕಾಯಿಲೆಗಳ ಗುಂಪಿಗೆ ಸೀಲಿಯಾಕ್ ರೋಗ ಸೇರುತ್ತದೆ. ಇದು ಅಲರ್ಜಿಯಲ್ಲ, ಸೋಂಕೂ ಅಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಸಣ್ಣಕರುಳಿನ ಒಳಗೋಡೆಯಲ್ಲಿ ಬೆರಳುಗಳಂತೆ ಚಾಚಿಕೊಂಡಿರುವ ಸೂಕ್ಷ್ಮ ರಚನೆಗಳು ಆಹಾರದ ಸತ್ವವನ್ನು ಹೀರಿಕೊಳ್ಳುತ್ತವೆ. ರೋಗವಿರುವವರು ಗ್ಲುಟೆನ್ ಸೇವಿಸಿದಾಗ ಈ ರಚನೆಗಳು ಉರಿಯೂತಕ್ಕೆ ಗುರಿಯಾಗಿ ಸವೆದು ಚಪ್ಪಟೆಯಾಗುತ್ತವೆ. ಇದರಿಂದ ಕಬ್ಬಿಣ, ಸುಣ್ಣಾಂಶ ಮತ್ತು ಜೀವಸತ್ವಗಳು ದೇಹಕ್ಕೆ ಸಾಕಷ್ಟು ದಕ್ಕುವುದಿಲ್ಲ.

ಈ ರೋಗ ಬರುವುದಕ್ಕೆ ಆನುವಂಶಿಕ ಹಿನ್ನೆಲೆ ಅಗತ್ಯ. ರೋಗಿಗಳಲ್ಲಿ ಬಹುತೇಕ ಎಲ್ಲರೂ ಎಚ್‌ಎಲ್‌ಎ-ಡಿಕ್ಯೂ2 ಅಥವಾ ಎಚ್‌ಎಲ್‌ಎ-ಡಿಕ್ಯೂ8 ಎಂಬ ವಂಶವಾಹಿಗಳನ್ನು ಹೊಂದಿರುತ್ತಾರೆ. ಆದರೆ ಈ ವಂಶವಾಹಿಗಳಿದ್ದವರೆಲ್ಲರೂ ರೋಗಿಗಳಾಗುವುದಿಲ್ಲ. ಭಾರತೀಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನರಲ್ಲಿ ಇವು ಇವೆ. ರೋಗ ಬರುವುದು ಅವರಲ್ಲಿ ಕೆಲವೇ ಮಂದಿಗೆ.

ನರಗಳಿಗೆ ಹಾನಿಯಾಗುವ ಬಗೆ

ನರಹಾನಿಗೆ ಎರಡು ದಾರಿಗಳಿವೆ. ಮೊದಲನೆಯದು ರಕ್ಷಣಾ ವ್ಯವಸ್ಥೆಯ ನೇರ ದಾಳಿ. ಗ್ಲುಟೆನ್ ವಿರುದ್ಧ ಹುಟ್ಟಿದ ಪ್ರತಿಕ್ರಿಯೆ ನರಗಳನ್ನೂ, ಬೆನ್ನುಹುರಿಯ ಪಕ್ಕದಲ್ಲಿರುವ ಸಂವೇದನಾ ನರಗಂಟುಗಳನ್ನೂ, ದೇಹದ ಸಮತೋಲ ಕಾಯುವ ಕಿರುಮೆದುಳನ್ನೂ ತಾಗಬಹುದು. ಎರಡನೆಯದು ಪೋಷಕಾಂಶಗಳ ಕೊರತೆ. ಕರುಳು ಸವೆದಾಗ ನರಗಳ ಆರೋಗ್ಯಕ್ಕೆ ಅಗತ್ಯವಾದ ಬಿ12, ಬಿ1, ಬಿ6 ಮತ್ತು ಇ ಜೀವಸತ್ವಗಳು, ಫೋಲೇಟ್ ಮತ್ತು ತಾಮ್ರ ಕಡಿಮೆಯಾಗಬಹುದು. ಬಿ12 ಅಥವಾ ತಾಮ್ರದ ಕೊರತೆ ಬೆನ್ನುಹುರಿಯನ್ನೂ ಕೆಡಿಸಬಲ್ಲದು.

ಈ ಎರಡು ದಾರಿಗಳನ್ನು ಬೇರೆಬೇರೆಯಾಗಿ ತಿಳಿಯುವುದು ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯ. ಕೊರತೆಯೊಂದೇ ಕಾರಣವಾಗಿದ್ದರೆ ಜೀವಸತ್ವ ನೀಡಿದಾಗ ರೋಗಿ ಚೇತರಿಸಿಕೊಳ್ಳುತ್ತಾನೆ. ರಕ್ಷಣಾ ವ್ಯವಸ್ಥೆಯ ದಾಳಿಯೂ ಇದ್ದರೆ, ಗ್ಲುಟೆನ್ ನಿಲ್ಲಿಸದೆ ಜೀವಸತ್ವದ ಗುಳಿಗೆಗಳನ್ನು ಎಷ್ಟು ನುಂಗಿದರೂ ಹಾನಿ ಮುಂದುವರಿಯುತ್ತದೆ.

ಲಕ್ಷಣಗಳು

ಅತ್ಯಂತ ಸಾಮಾನ್ಯವಾದ ರೂಪದಲ್ಲಿ ಎರಡೂ ಪಾದಗಳಲ್ಲಿ ಒಂದೇ ಸಮನಾಗಿ ಜೋಮು, ಜುಮುಜುಮು, ಸೂಜಿ ಚುಚ್ಚಿದಂಥ ನೋವು ಅಥವಾ ಉರಿ ಆರಂಭವಾಗಿ ನಿಧಾನವಾಗಿ ಮೊಣಕಾಲಿನತ್ತ ಏರುತ್ತದೆ. ಆನಂತರ ಬೆರಳ ತುದಿಗಳಿಗೂ ಬರಬಹುದು. ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿರುವುದು, ಬಿಸಿನೀರಿನ ಕಾವು ಅರಿವಾಗದಿರುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು ಸ್ಪರ್ಶಜ್ಞಾನ ಕುಗ್ಗಿದುದರ ಕುರುಹುಗಳು.

ಸಣ್ಣ ನರತಂತುಗಳು ಮಾತ್ರ ಕೆಟ್ಟಾಗ ನೋವು ಮತ್ತು ಉರಿ ಪ್ರಧಾನವಾಗಿರುತ್ತವೆ. ಆಗ ಮುಖದಲ್ಲಿಯೂ ಜುಮುಜುಮು ಕಾಣಿಸಿಕೊಳ್ಳುವುದುಂಟು. ಸಂವೇದನಾ ನರಗಂಟುಗಳು ಕೆಟ್ಟಾಗ ಕೈಕಾಲುಗಳು ಎಲ್ಲಿವೆ ಎಂಬ ಅರಿವೇ ತಪ್ಪುತ್ತದೆ. ಅಂಥವರು ಹಗಲಿನಲ್ಲಿ ಕಣ್ಣಿನ ಆಸರೆಯಿಂದ ನಡೆದಾಡಿದರೂ ಕತ್ತಲಲ್ಲಿ ಮುಗ್ಗರಿಸುತ್ತಾರೆ. ಕಿರುಮೆದುಳಿಗೆ ಹಾನಿಯಾದರೆ ಅಟಾಕ್ಸಿಯ ಉಂಟಾಗುತ್ತದೆ. ಇದರಲ್ಲಿ ಕಾಲುಗಳನ್ನು ಅಗಲಿಸಿ ತೂರಾಡುತ್ತ ನಡೆಯುವುದು, ಮಾತು ತೊದಲುವುದು ಮತ್ತು ಕೈನಡುಕ ಕಾಣುತ್ತವೆ. ಇಂಥ ನಡಿಗೆಯನ್ನು ನೋಡಿದವರು ಕುಡಿತದ ಪರಿಣಾಮವೆಂದು ಭಾವಿಸಿ ರೋಗಿಯನ್ನು ನೋಯಿಸುವುದುಂಟು.

ನರದ ತೊಂದರೆಯ ಜೊತೆಯಲ್ಲಿ ಗುಳಿಗೆಗೆ ಬಗ್ಗದ ರಕ್ತಹೀನತೆ, ಬಹುಕಾಲದ ಭೇದಿ ಅಥವಾ ಹೊಟ್ಟೆಯುಬ್ಬರ, ತೂಕ ಇಳಿಯುವಿಕೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ, ಮೂಳೆಗಳ ದೌರ್ಬಲ್ಯ ಇವುಗಳಲ್ಲಿ ಯಾವುದಾದರೂ ಇದ್ದರೆ ಸೀಲಿಯಾಕ್ ರೋಗವನ್ನು ಸಂದೇಹಿಸಲು ಹೆಚ್ಚಿನ ಕಾರಣ ದೊರೆಯುತ್ತದೆ.

ಇತಿಹಾಸ

ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಗ್ರೀಕ್ ವೈದ್ಯ ಅರೇಟಿಯಸ್ ಈ ಬಗೆಯ ಹೊಟ್ಟೆಯ ಕಾಯಿಲೆಯನ್ನು ವರ್ಣಿಸಿದ್ದನು. ರೋಗದ ಹೆಸರು ಹೊಟ್ಟೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇದರ ಆಧುನಿಕ ವಿವರಣೆಯನ್ನು ನೀಡಿ, ಗುಣವಾಗುವುದಾದರೆ ಅದು ಆಹಾರದಿಂದಲೇ ಆಗಬೇಕೆಂದು ಅಭಿಪ್ರಾಯಪಟ್ಟರು. ಯಾವ ಆಹಾರ ಎಂಬುದು ಗೊತ್ತಾಗಲು ಮತ್ತೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಗೋಧಿಯೇ ಕಾರಣವೆಂದು ತೋರಿಸಿ 1950ರಲ್ಲಿ ಪ್ರಬಂಧ ಮಂಡಿಸಿದರು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಆ ದೇಶದಲ್ಲಿ ಬ್ರೆಡ್ ದುರ್ಲಭವಾಗಿದ್ದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡ ಅನುಭವ ಅವರ ವಿಚಾರಕ್ಕೆ ಬಲ ನೀಡಿತ್ತು.

ನರಗಳೊಂದಿಗಿನ ಸಂಬಂಧವನ್ನು ಸ್ಪಷ್ಟಪಡಿಸಿದ್ದು 1966ರಲ್ಲಿ ಕುಕ್ ಮತ್ತು ಸ್ಮಿತ್ ಎಂಬ ಬ್ರಿಟಿಷ್ ವೈದ್ಯರು ಪ್ರಕಟಿಸಿದ ಲೇಖನ. ಅವರು ನರದೋಷವಿದ್ದ 16 ಮಂದಿ ವಯಸ್ಕ ಸೀಲಿಯಾಕ್ ರೋಗಿಗಳನ್ನು ವಿವರಿಸಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ನರತಜ್ಞ ಮಾರಿಯೋಸ್ ಹಜಿವಸಿಲಿಯು ಮತ್ತು ಸಂಗಡಿಗರು, ಕಾರಣ ತಿಳಿಯದ ನರರೋಗಗಳಲ್ಲಿ ಗ್ಲುಟೆನ್ ಸಂವೇದನೆಯನ್ನು ಹುಡುಕಬೇಕೆಂದು ಪ್ರತಿಪಾದಿಸಿದರು. ಸ್ವೀಡನ್ನಿನಲ್ಲಿ ಬಯಾಪ್ಸಿಯಿಂದ ದೃಢಪಟ್ಟ 28,232 ಸೀಲಿಯಾಕ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರಿಗೆ ನರಹಾನಿಯಾಗುವ ಸಂಭವ ಇತರರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಕಂಡುಬಂತು.

ಭಾರತದಲ್ಲಿ ಹರಡುವಿಕೆ

2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ಸೀಲಿಯಾಕ್ ರೋಗದ ಪ್ರತಿಕಾಯಗಳು ರಕ್ತದಲ್ಲಿದ್ದವರ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯ ಭಾರತದಲ್ಲಿ ಶೇ. 0.87 ಮತ್ತು ದಕ್ಷಿಣ ಭಾರತದಲ್ಲಿ ಶೇ. 0.10 ಎಂದು ಅದರಲ್ಲಿ ಕಂಡುಬಂತು. ದಕ್ಷಿಣದ ಮಾದರಿಯನ್ನು ತಮಿಳುನಾಡಿನ ವೆಲ್ಲೂರು ಭಾಗದಿಂದ ಆರಿಸಲಾಗಿತ್ತು. ರೋಗಕ್ಕೆ ಅನುವು ಮಾಡಿಕೊಡುವ ವಂಶವಾಹಿಗಳು ಮೂರೂ ಭಾಗಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಗೋಧಿಯ ಬಳಕೆಯಲ್ಲಿ ಮಾತ್ರ ದೊಡ್ಡ ಅಂತರವಿತ್ತು: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ದಕ್ಷಿಣದವರಲ್ಲಿ ರೋಗ ವಿರಳವಾಗಿರುವುದಕ್ಕೆ ರಕ್ತದ ಗುಣವೊಂದನ್ನೇ ಕಾರಣವಾಗಿ ಹೇಳಲಾಗದು. ಊಟದ ತಟ್ಟೆಗೂ ಅದರಲ್ಲಿ ಪಾತ್ರವಿರುವಂತಿದೆ. ಹಾಗೆಯೇ ಶೇ. 0.10 ಎಂಬುದು ಶೂನ್ಯವಲ್ಲ. ಸಾವಿರಕ್ಕೆ ಒಬ್ಬರಲ್ಲಿ ಈ ಪ್ರತಿಕಾಯಗಳಿವೆ ಎಂಬುದು ಅದರ ಅರ್ಥ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ

ಕೊಳ್ಳೇಗಾಲ ಸೀಮೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಈ ತಾಲ್ಲೂಕಿನಿಂದಲೇ ಬೇರ್ಪಟ್ಟು ಇತ್ತೀಚೆಗೆ ಹೊಸ ತಾಲ್ಲೂಕಾಯಿತು. ಈ ಭಾಗದ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಜೋಳ, ಅವರೆ, ಹುರುಳಿ ಬೆಳೆಯುತ್ತವೆ. ಯಳಂದೂರಿನ ಸುವರ್ಣಾವತಿ ನದಿಯ ಬಯಲು ಮತ್ತು ಕಾವೇರಿ ದಂಡೆ ಭತ್ತದ ನೆಲ. ರಾಗಿಮುದ್ದೆ, ಉಪ್ಸಾರು, ಹುರುಳಿಕಾಳಿನ ಸಾರು, ರಾಗಿರೊಟ್ಟಿ, ಅಂಬಲಿ, ಅನ್ನ ಇವು ಇಲ್ಲಿನ ರೂಢಿಯ ಊಟ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಸಾಂಪ್ರದಾಯಿಕ ಆಹಾರದಲ್ಲಿಯೂ ರಾಗಿ, ಕಾಡಿನ ಗೆಡ್ಡೆ, ಸೊಪ್ಪು ಮತ್ತು ಜೇನು ಮುಖ್ಯ. ಇವು ಯಾವುವೂ ಗ್ಲುಟೆನ್ ಹೊಂದಿಲ್ಲ.

ಈ ಸೀಮೆಯ ಎಲ್ಲರ ಊಟವೂ ಒಂದೇ ರೀತಿಯದಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ಆಹಾರಪದ್ಧತಿಯಲ್ಲಿ ಗೋಧಿಹಿಟ್ಟಿನ ಮೊಮೊ, ತುಕ್ಪಾ ಹಾಗೂ ಹುರಿದ ಬಾರ್ಲಿಯ ಹಿಟ್ಟಾದ ತ್ಸಂಪಾ ಇವೆ. ಇವೆಲ್ಲವೂ ಗ್ಲುಟೆನ್ ಉಳ್ಳವು. ಪೇಟೆಗಳಲ್ಲಿ ಬೇಕರಿ ತಿನಿಸು, ರವೆ ಉಪ್ಪಿಟ್ಟು ಮತ್ತು ಪರೋಟ ದಿನನಿತ್ಯದ ವಸ್ತುಗಳಾಗಿವೆ.

ಮಧುಮೇಹವಿರುವ ಅನೇಕರು ರಾತ್ರಿಯ ಅನ್ನ ಅಥವಾ ಮುದ್ದೆಯನ್ನು ಬಿಟ್ಟು ಚಪಾತಿ ತಿನ್ನುವ ರೂಢಿ ಮಾಡಿಕೊಂಡಿದ್ದಾರೆ. ಅಂಗಾಲಿನ ಉರಿ ಮತ್ತು ಜೋಮಿಗೆ ಮಧುಮೇಹವೇ ಅತ್ಯಂತ ಸಾಮಾನ್ಯ ಕಾರಣವಾದ್ದರಿಂದ, ಅಂಥವರಲ್ಲಿ ಬೇರೆ ಕಾರಣವನ್ನು ಹುಡುಕುವುದು ಅಪರೂಪ. ಆದರೆ ಚಿಕ್ಕ ವಯಸ್ಸಿನಲ್ಲಿಯೇ ಆರಂಭವಾಗಿ ಇನ್ಸುಲಿನ್ ಅವಶ್ಯವಾಗುವ ಮೊದಲನೆಯ ಬಗೆಯ ಮಧುಮೇಹ ಮತ್ತು ಸೀಲಿಯಾಕ್ ರೋಗ ಒಬ್ಬರಲ್ಲಿಯೇ ಜೊತೆಯಾಗಿ ಬರುವುದು ತಿಳಿದ ಸಂಗತಿ. ಸಕ್ಕರೆ ಹತೋಟಿಯಲ್ಲಿದ್ದೂ ನರದ ತೊಂದರೆ ಏರುತ್ತಿದ್ದರೆ ಈ ದಿಕ್ಕಿನಲ್ಲಿ ಪರೀಕ್ಷೆ ಅಗತ್ಯ.

ಇತರ ಕಾರಣಗಳನ್ನೂ ವೈದ್ಯರು ಪರಿಶೀಲಿಸಬೇಕಾಗುತ್ತದೆ. ಬಿ12 ಸಹಜವಾಗಿ ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಆದ್ದರಿಂದ ಸಸ್ಯಾಹಾರಿಗಳಲ್ಲಿ ಸೀಲಿಯಾಕ್ ಇಲ್ಲದೆಯೂ ಅದರ ಕೊರತೆ ಬರುತ್ತದೆ. ಕುಷ್ಠರೋಗ, ಮದ್ಯಪಾನ, ಥೈರಾಯ್ಡ್ ದೋಷ, ಕೆಲವು ಔಷಧಗಳು ಮತ್ತು ಕೀಟನಾಶಕಗಳು ಕೂಡ ನರಗಳನ್ನು ಕೆಡಿಸುತ್ತವೆ. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆಯಿದ್ದರೆ ಮೊದಲು ಕುಷ್ಠರೋಗದ ಪರೀಕ್ಷೆಯಾಗಬೇಕು. ರಕ್ತಹೀನತೆಯ ವಿಷಯದಲ್ಲಿಯೂ ಎಚ್ಚರ ಬೇಕು: ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಇರುವುದರಿಂದ ಎಲ್ಲ ರಕ್ತಹೀನತೆಗೂ ಒಂದೇ ಕಾರಣ ಹೇಳಲಾಗದು. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಆರೋಗ್ಯ ಸೇವೆಯಲ್ಲಿ ತೊಡಗಿದೆ.

ಸ್ಪರ್ಶಜ್ಞಾನದ ನಷ್ಟ ಇಲ್ಲಿನ ಜೀವನೋಪಾಯವನ್ನೇ ತಟ್ಟುವಂಥದು. ಕೊಳ್ಳೇಗಾಲದ ರೇಷ್ಮೆ ನೇಕಾರರಿಗೆ ತುಂಡಾದ ಎಳೆಯನ್ನು ಹುಡುಕಿ ಗಂಟು ಹಾಕಲು ಬೆರಳ ತುದಿಯೇ ಆಧಾರ. ಶಿವರಾತ್ರಿಯ ಸಮಯದಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವ ಭಕ್ತರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿದವರಿದ್ದರೆ, ಮುಳ್ಳು ಚುಚ್ಚಿದ್ದಾಗಲಿ ಕಾದ ರಸ್ತೆಯಿಂದ ಬೊಬ್ಬೆ ಎದ್ದದ್ದಾಗಲಿ ಅವರಿಗೆ ತಿಳಿಯದೆ ಗಾಯ ಹುಣ್ಣಾಗುವ ಅಪಾಯವಿದೆ.

ರೋಗನಿದಾನ

ಮೊದಲ ಹಂತ ರಕ್ತಪರೀಕ್ಷೆ. ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವದ ವಿರುದ್ಧ ಉಂಟಾದ ಐಜಿಎ ಪ್ರತಿಕಾಯಗಳನ್ನು ಇದರಲ್ಲಿ ಅಳೆಯುತ್ತಾರೆ. ಕೆಲವರ ದೇಹದಲ್ಲಿ ಐಜಿಎ ತಯಾರಾಗುವುದೇ ಕಡಿಮೆಯಾದ್ದರಿಂದ ಅದರ ಒಟ್ಟು ಪ್ರಮಾಣವನ್ನೂ ಜೊತೆಗೆ ನೋಡಬೇಕು. ಪ್ರತಿಕಾಯಗಳು ಕಂಡುಬಂದರೆ ಎಂಡೊಸ್ಕೊಪಿಯ ಮೂಲಕ ಸಣ್ಣಕರುಳಿನ ಆರಂಭದ ಭಾಗದಿಂದ ಚೂರುಗಳನ್ನು ತೆಗೆದು ಬಯಾಪ್ಸಿ ಮಾಡಲಾಗುತ್ತದೆ.

ನರಗಳ ಸ್ಥಿತಿಯನ್ನು ನರವಾಹಕತೆಯ ಪರೀಕ್ಷೆ ತಿಳಿಸುತ್ತದೆ. ಸಣ್ಣ ನರತಂತುಗಳ ಹಾನಿ ಇದರಲ್ಲಿ ಕಾಣುವುದಿಲ್ಲ. ವರದಿ ಸಹಜವೆಂದು ಬಂದ ಮಾತ್ರಕ್ಕೆ ರೋಗಿಯ ಉರಿಯನ್ನು ಭ್ರಮೆಯೆನ್ನಲಾಗದು. ಅಂಥ ಸಂದರ್ಭದಲ್ಲಿ ಚರ್ಮದ ಬಯಾಪ್ಸಿ ನೆರವಾಗುತ್ತದೆ. ಬಿ12, ಫೋಲೇಟ್, ತಾಮ್ರ ಮುಂತಾದವುಗಳ ಮಟ್ಟವನ್ನೂ ನೋಡಲಾಗುತ್ತದೆ.

ಪರೀಕ್ಷೆಗಳು ಮುಗಿಯುವ ಮೊದಲೇ ಗೋಧಿಯನ್ನು ಬಿಡಬಾರದು. ಗ್ಲುಟೆನ್ ನಿಂತೊಡನೆ ಪ್ರತಿಕಾಯಗಳು ಇಳಿಯತೊಡಗುತ್ತವೆ, ಕರುಳು ಮಾಯತೊಡಗುತ್ತದೆ. ಆಗ ರೋಗವಿದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು. ಮುದ್ದೆ, ಅನ್ನವನ್ನೇ ಉಣ್ಣುವ ಈ ಸೀಮೆಯವರಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ರೋಗಿ ಗೋಧಿಯನ್ನು ಎಷ್ಟು ಸೇವಿಸುತ್ತಾನೆ ಎಂಬುದನ್ನು ವೈದ್ಯರಿಗೆ ತಿಳಿಸಿದರೆ ಮಾತ್ರ ಪರೀಕ್ಷೆಯ ಫಲವನ್ನು ಸರಿಯಾಗಿ ಅರ್ಥೈಸಲು ಸಾಧ್ಯ.

ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಹಾಗೂ ನರರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಈ ತಾಲ್ಲೂಕುಗಳ ಜನರಿಗೆ ಎಟುಕುವ ದೊಡ್ಡ ಸಾರ್ವಜನಿಕ ಸಂಸ್ಥೆಗಳು.

ಚಿಕಿತ್ಸೆ

ಆಹಾರ

ಗ್ಲುಟೆನ್ ಅನ್ನು ಪೂರ್ಣವಾಗಿ ಹಾಗೂ ಜೀವನಪರ್ಯಂತ ಬಿಡುವುದು ಚಿಕಿತ್ಸೆಯ ತಳಹದಿ. ಗೋಧಿಹಿಟ್ಟು, ಮೈದಾ, ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಗೋಧಿ ಶಾವಿಗೆ, ಬ್ರೆಡ್ಡು, ಬಿಸ್ಕತ್ತು ಇವೆಲ್ಲ ವರ್ಜ್ಯ. ಉತ್ತರ ಕರ್ನಾಟಕದ ಖಪ್ಲಿ ಗೋಧಿಯೂ ಗೋಧಿಯೇ ಆದ್ದರಿಂದ ಸಲ್ಲದು. ಅಕ್ಕಿ, ರಾಗಿ, ಜೋಳ, ಮುಸುಕಿನ ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಎಲ್ಲ ಬೇಳೆಕಾಳುಗಳು, ತರಕಾರಿ, ಹಾಲು, ಮೊಟ್ಟೆ, ಮೀನು, ಮಾಂಸ ಸೇವನೆಗೆ ಯೋಗ್ಯ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದ್ದು, ಮೂಳೆ ಸವೆಯುವ ಈ ರೋಗದಲ್ಲಿ ಅದೊಂದು ಅನುಕೂಲ. ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಗ್ಲುಟೆನ್‌ರಹಿತ ಬ್ರೆಡ್ಡು, ಬಿಸ್ಕತ್ತುಗಳಿಲ್ಲದೆಯೂ ಇಲ್ಲಿನ ರೋಗಿ ಹೊಟ್ಟೆತುಂಬ ಉಣ್ಣಬಹುದು.

ಗ್ಲುಟೆನ್ ಅಡಗಿರುವ ವಸ್ತುಗಳು ಹೆಚ್ಚು ತೊಡಕಿನವು. ಅಂಗಡಿಯಲ್ಲಿ ದೊರೆಯುವ ಇಂಗಿನ ಪುಡಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಸಾರು, ಉಪ್ಪಿನಕಾಯಿ, ಹಪ್ಪಳಗಳ ಮೂಲಕ ಅದು ಊಟಕ್ಕೆ ಸೇರುತ್ತದೆ. ರವೆ ಇಡ್ಲಿ, ರವೆ ದೋಸೆ, ಕೇಸರಿಬಾತು, ಮೈದಾದ ಕಣಕದ ಹೋಳಿಗೆ, ಮೈದಾ ಬೋಂಡ ಸಲ್ಲವು. ಮಾಲ್ಟ್ ಎಂಬ ಹೆಸರು ಗೊಂದಲ ಹುಟ್ಟಿಸುತ್ತದೆ: ಮನೆಯಲ್ಲಿ ಮೊಳಕೆ ರಾಗಿಯಿಂದ ಮಾಡಿದ ರಾಗಿ ಮಾಲ್ಟ್ ಸುರಕ್ಷಿತ, ಆದರೆ ಡಬ್ಬಿಗಳಲ್ಲಿ ಬರುವ ಹಲವು ಮಾಲ್ಟ್ ಪೇಯಗಳಲ್ಲಿ ಬಾರ್ಲಿ ಮತ್ತು ಗೋಧಿ ಇರುತ್ತವೆ. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿ ಬೀಸಿದರೆ, ಚಪಾತಿ ಸುಟ್ಟ ಕಾವಲಿಯ ಮೇಲೆಯೇ ರೊಟ್ಟಿ ತಟ್ಟಿದರೆ ಗೋಧಿಯ ಅಂಶ ಬೆರೆಯುತ್ತದೆ. ಇದನ್ನು ತಪ್ಪಿಸಲು ಬೇರೆ ಕಾವಲಿ, ಬೇರೆ ಜರಡಿ ಇಟ್ಟುಕೊಳ್ಳುವುದು ಮತ್ತು ಮನೆಯಲ್ಲಿಯೇ ಹಿಟ್ಟು ಮಾಡಿಕೊಳ್ಳುವುದು ವಾಡಿಕೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರದ ಗ್ಲುಟೆನ್ ಇರುವ ಆಹಾರವನ್ನು ಮಾತ್ರ ಗ್ಲುಟೆನ್‌ರಹಿತವೆಂದು ಮಾರಬಹುದು.

ಶೆಫೀಲ್ಡ್‌ನ ತಂಡ 2006ರಲ್ಲಿ ಗ್ಲುಟೆನ್ ಸಂಬಂಧಿ ನರಹಾನಿಯಿದ್ದ 35 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಪಥ್ಯ ಹಿಡಿದ 25 ಮಂದಿಯ ನರವಾಹಕತೆ ಒಂದು ವರ್ಷದ ನಂತರ ಸುಧಾರಿಸಿತ್ತು. ಪಥ್ಯ ಹಿಡಿಯದ 10 ಮಂದಿಯಲ್ಲಿ ಸುಧಾರಣೆ ಕಂಡುಬರಲಿಲ್ಲ.

ಪೂರಕಗಳು ಮತ್ತು ಔಷಧಗಳು

ಕೊರತೆಯಿರುವ ಜೀವಸತ್ವ ಹಾಗೂ ಖನಿಜಗಳನ್ನು ಪರೀಕ್ಷೆಯ ಆಧಾರದ ಮೇಲೆ ನೀಡಲಾಗುತ್ತದೆ. ಕರುಳಿನ ಹೀರುವ ಶಕ್ತಿ ಕುಂದಿರುವಾಗ ಬಿ12 ಚುಚ್ಚುಮದ್ದಿನ ಅಗತ್ಯ ಬೀಳಬಹುದು. ಬಿ12 ಕೊರತೆಯನ್ನು ಸರಿಪಡಿಸದೆ ಫೋಲಿಕ್ ಆಮ್ಲವನ್ನು ಮಾತ್ರ ನೀಡಿದರೆ ರಕ್ತಹೀನತೆ ತಗ್ಗಿದಂತೆ ಕಂಡರೂ ನರಹಾನಿ ಮುಂದುವರಿಯುತ್ತದೆ. ಬಿ6 ಜೀವಸತ್ವವನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಸೇವಿಸುವುದು ಸ್ವತಃ ನರಗಳನ್ನು ಕೆಡಿಸುತ್ತದೆ. ಆದುದರಿಂದ ನರಗಳಿಗೆ ಒಳ್ಳೆಯದೆಂದು ಗುಳಿಗೆಗಳನ್ನು ಸ್ವಂತವಾಗಿ ಕೊಂಡು ನುಂಗುವುದು ಹಿತಕರವಲ್ಲ.

ನೋವು ಮತ್ತು ಉರಿಯ ಶಮನಕ್ಕೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಮುಂತಾದ ಔಷಧಗಳನ್ನು ವೈದ್ಯರು ಸೂಚಿಸುತ್ತಾರೆ. ಇವು ನೋವನ್ನು ತಗ್ಗಿಸುತ್ತವೆಯೇ ಹೊರತು ನರವನ್ನು ದುರಸ್ತಿ ಮಾಡುವುದಿಲ್ಲ. ಪಥ್ಯಕ್ಕೆ ಬಗ್ಗದ ಕೆಲವು ರೋಗಿಗಳಲ್ಲಿ ಇಮ್ಯುನೊಗ್ಲಾಬ್ಯುಲಿನ್ ಅನ್ನು ರಕ್ತನಾಳದ ಮೂಲಕ ನೀಡಿ ನೋಡಲಾಗಿದೆ.

ಪಾದಗಳ ಆರೈಕೆ

ಸ್ಪರ್ಶಜ್ಞಾನ ಕುಂದಿದವರು ಪ್ರತಿರಾತ್ರಿ ಅಂಗಾಲುಗಳನ್ನು ಪರೀಕ್ಷಿಸಿಕೊಳ್ಳುವುದು, ಮೆತ್ತನೆಯ ಪಾದರಕ್ಷೆ ಧರಿಸುವುದು, ಸ್ನಾನದ ನೀರಿನ ಕಾವನ್ನು ಸ್ಪರ್ಶಜ್ಞಾನವಿರುವ ಬೇರೊಬ್ಬರಿಂದ ನೋಡಿಸುವುದು ಅವಶ್ಯ. ಸಮತೋಲದ ವ್ಯಾಯಾಮ, ಊರುಗೋಲು ಮತ್ತು ರಾತ್ರಿಯ ದೀಪ ಬೀಳುವಿಕೆಯನ್ನು ತಡೆಯುತ್ತವೆ.

ಚೇತರಿಕೆ

ಹೊಟ್ಟೆಯ ತೊಂದರೆ ಕೆಲವು ವಾರಗಳಲ್ಲಿಯೇ ಇಳಿಯಬಹುದು. ನರಗಳ ಚೇತರಿಕೆ ಬಹಳ ನಿಧಾನ. ಗಾಯಗೊಂಡ ನರತಂತು ಅನುಕೂಲ ಪರಿಸ್ಥಿತಿಯಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟು ಮಾತ್ರ ಬೆಳೆಯುತ್ತದೆ. ಸೊಂಟದಿಂದ ಕಾಲ್ಬೆರಳವರೆಗಿನ ದೂರವನ್ನು ನೆನೆದರೆ ತಿಂಗಳುಗಳು, ವರ್ಷಗಳು ಏಕೆ ಹಿಡಿಯುತ್ತವೆಂಬುದು ತಿಳಿಯುತ್ತದೆ. ಆರು ತಿಂಗಳಲ್ಲಿ ಗುಣ ಕಾಣಲಿಲ್ಲವೆಂದು ಪಥ್ಯ ಮುರಿಯುವುದು ಇದೇ ಕಾರಣದಿಂದ ಹಾನಿಕರ. ಸಂವೇದನಾ ನರಗಂಟಿನ ಅಥವಾ ಕಿರುಮೆದುಳಿನ ಜೀವಕೋಶಗಳು ಸತ್ತಿದ್ದರೆ ಅವು ಮರಳಿ ಹುಟ್ಟುವುದಿಲ್ಲ. ಅಂಥವರಲ್ಲಿ ಇದ್ದುದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಗುರಿಯಾಗುತ್ತದೆ.

ಪಥ್ಯ ಸರಿಯಾಗಿ ಸಾಗುತ್ತಿದೆಯೇ ಎಂಬುದನ್ನು ರಕ್ತದ ಪ್ರತಿಕಾಯಗಳ ಇಳಿಕೆಯಿಂದ ಅರಿಯಲಾಗುತ್ತದೆ. ರೋಗಿಯ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಿಗೆ ರೋಗದ ಸಂಭವ ಇತರರಿಗಿಂತ ಹೆಚ್ಚಿರುವುದರಿಂದ, ಅವರಿಗೆ ಯಾವ ಲಕ್ಷಣವಿಲ್ಲದಿದ್ದರೂ ಒಮ್ಮೆ ರಕ್ತಪರೀಕ್ಷೆ ಮಾಡಿಸುವಂತೆ ಸಲಹೆ ನೀಡಲಾಗುತ್ತದೆ.